ಮೈಕ್ ಚುಚ್ಚುವ ಮೊದಲು: ಸರೌಂಡ್ ಸೆಟ್‌ನಲ್ಲಿ ಮಾತು ಕೇಳಿಸದಿದ್ದರೆ, ಬಾಸ್ ಗುಂಯ್‌ಗುಟ್ಟಿದರೆ

ಡೈಲಾಗ್ ಕೇಳಿಸುತ್ತಿಲ್ಲ ಅಂತ ವಾಲ್ಯೂಮ್ ಏರಿಸುತ್ತೀರಿ. ಫೈಟ್ ಶುರುವಾದ ಕೂಡಲೇ ಶೋಕೇಸಿನ ಗಾಜು ಗಡಗಡ ನಡುಗುತ್ತದೆ, ಅಡುಗೆಮನೆಯಿಂದ ‘ಸ್ವಲ್ಪ ಸಣ್ಣ ಮಾಡ್ರಪ್ಪಾ’ ಅಂತ ಕೂಗು ಬರುತ್ತದೆ. ಹಾಸನ, ಸಕಲೇಶಪುರ, ಚಿಕ್ಕಮಗಳೂರು, ಮೂಡಿಗೆರೆ ಕಡೆ ಸರೌಂಡ್ ಸೆಟ್ ಜೋಡಿಸಲು, ಸರಿಮಾಡಲು ಹೋಗುವ ನನ್ನ ಕಿವಿಗೆ ಹೆಚ್ಚಾಗಿ ಬೀಳುವ ದೂರು ಇದೇ. ನಾನು ಹೋಗುವಷ್ಟರಲ್ಲಿ ಮನೆಯವರು ಒಂದು ಕೆಲಸ ಮಾಡಿ ಮುಗಿಸಿರುತ್ತಾರೆ: ರಿಸೀವರ್ (ಎಲ್ಲ ಸ್ಪೀಕರಿಗೂ ಸೌಂಡ್ ಹಂಚುವ ಪೆಟ್ಟಿಗೆ) ಜೊತೆ ಬಂದ ಮೈಕ್ ಚುಚ್ಚಿ ಆಟೊ ಕ್ಯಾಲಿಬ್ರೇಷನ್, ಅಂದರೆ ರಿಸೀವರ್ ತಾನೇ ಅಳೆದು ಸ್ಪೀಕರುಗಳನ್ನು ಹೊಂದಿಸಿಕೊಳ್ಳುವ ಕೆಲಸ, ಓಡಿಸಿರುತ್ತಾರೆ. ಸರಿಹೋಗದಿದ್ದರೆ ಮತ್ತೊಮ್ಮೆ ಓಡಿಸಿರುತ್ತಾರೆ.

ಅದು ಕೊನೆಗೆ ಮಾಡಬೇಕಾದ ಕೆಲಸ. ಆಡಿಸ್ಸಿ ಇರಲಿ, ವೈಪಿಎಒ ಇರಲಿ, ಎಂಸಿಎಸಿಸಿ ಇರಲಿ (ಎಲ್ಲ ಈ ಕ್ಯಾಲಿಬ್ರೇಷನ್‌ಗೇ ಇಟ್ಟ ಬೇರೆಬೇರೆ ಹೆಸರು), ಆ ಮೈಕ್ ಅಳೆಯುವುದು ಸ್ಪೀಕರಿನಿಂದ ಕೂರುವ ಜಾಗದವರೆಗಿನ ದಾರಿಯನ್ನು ಮಾತ್ರ. ಟಿವಿ ಎರಡೇ ಚಾನೆಲ್ ಕಳಿಸುತ್ತಿದೆ ಅನ್ನುವುದು ಅದಕ್ಕೆ ತಿಳಿಯುವುದಿಲ್ಲ. ಡೈಲಾಗ್ ಬರುವ ನಡುವಿನ ಸ್ಪೀಕರ್, ಅಂದರೆ ಸೆಂಟರ್, ಗಾಜಿನ ಬಾಗಿಲ ಹಿಂದೆ ಕೂತಿದ್ದರೆ ‘ಇದನ್ನು ಈಚೆ ಇಡಿ’ ಅಂತಲೂ ಹೇಳುವುದಿಲ್ಲ. ಆ ಕೆಟ್ಟ ಜಾಗಕ್ಕೇ ಹೊಂದುವಂತೆ ಲೆಕ್ಕ ಹಾಕಿ ಕೈತೊಳೆದುಕೊಳ್ಳುತ್ತದೆ. ಹಾಗಾಗಿ ಹುಡುಕಬೇಕಾದ ಸರದಿ ಹೀಗೆ: ಮೊದಲು ಸಿಗ್ನಲ್, ಆಮೇಲೆ ವೈರ್, ಆಮೇಲೆ ಜಾಗ, ಕಡೆಗೆ ಮೈಕ್.

ರಿಸೀವರಿಗೆ ಏನು ಬರುತ್ತಿದೆ?

ಸಿನಿಮಾ ಓಡುತ್ತಿರುವಾಗ ರಿಸೀವರ್ ಮುಖದ ಮೇಲಿನ ಡಿಸ್‌ಪ್ಲೇ ನೋಡಿ. ಡಾಲ್ಬಿ ಡಿಜಿಟಲ್, ಡಾಲ್ಬಿ ಡಿಜಿಟಲ್ ಪ್ಲಸ್, ಡಿಟಿಎಸ್ ಇಂಥ ಸರೌಂಡ್ ನಮೂನೆಯ ಹೆಸರೊಂದು ಕಾಣಬೇಕು. ಬರೀ ಪಿಸಿಎಂ, ಸ್ಟೀರಿಯೊ ಅಂತ ಇದ್ದರೆ ರಿಸೀವರಿಗೆ ಬರುತ್ತಿರುವುದೇ ಎರಡು ಚಾನೆಲ್. ಸೆಂಟರಿಗೆ ಬೇರೆ ಮಾತು ಎಲ್ಲಿಂದ ಬರಬೇಕು? ಟಿವಿಯ ಸೌಂಡ್ ಸೆಟ್ಟಿಂಗ್‌ನಲ್ಲಿ ಡಿಜಿಟಲ್ ಔಟ್‌ಪುಟ್ ಅನ್ನುವ ಜಾಗಕ್ಕೆ ಹೋಗಿ, ಪಿಸಿಎಂ ಇದ್ದದ್ದನ್ನು ಆಟೊ, ಬಿಟ್‌ಸ್ಟ್ರೀಮ್ ಅಥವಾ ಪಾಸ್‌ಥ್ರೂ ಮಾಡಿ. ಟಿವಿಯಲ್ಲಿ ಇದಕ್ಕೆ ಇಟ್ಟ ಹೆಸರು ಕಂಪನಿಗೊಂದು, ಆದರೆ ವಿಷಯ ಒಂದೇ.

ಎಚ್‌ಡಿಎಂಐ ಕೇಬಲ್ ಟಿವಿಯ ಯಾವ ತೂತಿಗೆ ಹೋಗಿದೆ ಅನ್ನುವುದೂ ಮುಖ್ಯ. ಎಆರ್‌ಸಿ ಅಥವಾ ಇ-ಎಆರ್‌ಸಿ ಅಂತ ಬರೆದಿರುವ ಪೋರ್ಟ್ ಸಾಮಾನ್ಯವಾಗಿ ಒಂದೇ ಇರುತ್ತದೆ. ಟಿವಿಯ ಸೌಂಡ್ ರಿಸೀವರಿಗೆ ವಾಪಸ್ ಬರುವುದು ಅದರಲ್ಲಿ ಮಾತ್ರ. ಹಳೆಯ ಆಪ್ಟಿಕಲ್ ಕೇಬಲ್‌ನಲ್ಲಿ ಡಾಲ್ಬಿ ಡಿಜಿಟಲ್ 5.1 (ಐದು ಸ್ಪೀಕರಿಗೂ ಬಾಸ್‌ಗೆಂದೇ ಇರುವ ಸಬ್‌ವೂಫರಿಗೂ ಬೇರೆಬೇರೆ ಸೌಂಡ್) ಬರುತ್ತದೆ, ಡಾಲ್ಬಿ ಡಿಜಿಟಲ್ ಪ್ಲಸ್ ಬರುವುದಿಲ್ಲ. ಆ್ಯಪ್‌ಗಳಲ್ಲಿ ಇನ್ನೊಂದು ಮೋಸ ಇದೆ. ಒಂದೇ ಸಿನಿಮಾದ ಮೂಲ ಭಾಷೆಯ ಆಡಿಯೊ 5.1 ಇದ್ದು, ಡಬ್ಬಿಂಗ್ ಆಡಿಯೊ ಬರೀ ಸ್ಟೀರಿಯೊ ಇರಬಹುದು. ಆಡಿಯೊ ಪಟ್ಟಿಯಲ್ಲಿ 5.1 ಅಂತ ಬರೆದಿರುವುದನ್ನು ಹಾಕಿಯೇ ಪರೀಕ್ಷೆ ಮಾಡಿ. ನ್ಯೂಸ್ ಚಾನೆಲ್ ಹಾಕಿಕೊಂಡು ‘ಹಿಂದಿನ ಸ್ಪೀಕರ್ ಸತ್ತಿದೆ’ ಅನ್ನಬೇಡಿ.

ಹಾಸನದ ಸಾಲಗಾಮೆ ರಸ್ತೆ ಕಡೆಯ ಒಂದು ಮನೆಯಲ್ಲಿ ಯಜಮಾನರು ಹೇಳಿದ್ದು ಹೀಗೆ: “ಹಿಂದಿಂದೆರಡು ಬರ್ತಾನೇ ಇರ್ಲಿಲ್ಲ. ನಮ್ ಹುಡುಗ ರಿಮೋಟಲ್ಲಿ ಏನೋ ಒತ್ತಿದ, ಈಗ ಎಲ್ಲಾದ್ರಲ್ಲೂ ಜೋರಾಗ್ ಬರುತ್ತೆ. ಆದ್ರೆ ಮಾತೇ ತಿಳಿಯಲ್ಲ ನೋಡಿ.”

“ಅವ್ನು ಒತ್ತಿದ್ದೇ ತೊಂದ್ರೆ ಸಾರ್.”

ಆಲ್ ಚಾನೆಲ್ ಸ್ಟೀರಿಯೊ. ಈ ಮೋಡ್‌ನಲ್ಲಿ ರಿಸೀವರ್ ಒಂದೇ ಸೌಂಡನ್ನು ಎಲ್ಲ ಸ್ಪೀಕರಿಗೂ ಹಂಚಿಬಿಡುತ್ತದೆ. ಪರದೆಯ ಮೇಲಿನವರ ಮಾತು ನಿಮ್ಮ ಬೆನ್ನ ಹಿಂದಿನಿಂದಲೂ ಬರುತ್ತದೆ, ಎಡದಿಂದಲೂ ಬರುತ್ತದೆ, ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತದೆ. ಮನೆ ತುಂಬ ಜನ ಸೇರಿದಾಗ ಹಾಡು ಹಾಕಲು ಅದು ಸರಿ, ಸಿನಿಮಾಕ್ಕೆ ಬೇಡ. 5.1 ಬಂದರೆ ಸ್ಟ್ರೈಟ್ ಅಥವಾ ಡೈರೆಕ್ಟ್, ಎರಡೇ ಚಾನೆಲ್ ಬಂದರೆ ಡಾಲ್ಬಿ ಸರೌಂಡ್ ಅಥವಾ ಪ್ರೊಲಾಜಿಕ್ ಮೋಡ್ ಇಡಿ. ಎರಡನೆಯದು ಎರಡು ಚಾನೆಲ್‌ನಿಂದ ಮಾತನ್ನು ಹೆಕ್ಕಿ ಸೆಂಟರಿಗೆ ತರುತ್ತದೆ. ಅಂದ ಹಾಗೆ, ಒಳ್ಳೆಯ ಸಿನಿಮಾದಲ್ಲೂ ಸರೌಂಡ್ ಸ್ಪೀಕರ್ ಎಷ್ಟೋ ಹೊತ್ತು ಸುಮ್ಮನಿರುತ್ತದೆ. ಅದು ಅದರ ಕೆಲಸ. ಕೊಟ್ಟ ದುಡ್ಡಿಗೆ ಸದಾ ಕೂಗಬೇಕು ಅಂತ ಹಟ ಹಿಡಿದರೆ ಯಾವ ಸೆಟ್ಟಿಂಗೂ ನೆಟ್ಟಗಾಗುವುದಿಲ್ಲ.

ವೈರ್ ಪರೀಕ್ಷೆ: ಒಂದು ಮೀಟರ್, ಒಂದು ಸೆಲ್

ರಿಸೀವರ್‌ನ ಟೆಸ್ಟ್ ಟೋನ್ ಹಾಕಿ. ಶ್ಶ್ಶ್ ಅನ್ನುವ ಸದ್ದು ಒಂದೊಂದೇ ಸ್ಪೀಕರಿನಲ್ಲಿ ಸುತ್ತು ಬರುತ್ತದೆ. ಪರದೆ ಎಡ ಅಂದಾಗ ಎಡದಲ್ಲೇ ಬರುತ್ತಿದೆಯೇ ನೋಡಿಕೊಳ್ಳಿ. ಗಾರೆಯವರು, ಎಲೆಕ್ಟ್ರಿಷಿಯನ್ ಬಂದುಹೋದ ಮನೆಯಲ್ಲಿ ಗೋಡೆಯ ಪೈಪಿನೊಳಗಿನ ವೈರ್ ಅದಲುಬದಲಾಗಿರುವುದು ಸಾಮಾನ್ಯ.

ಒಂದು ಸ್ಪೀಕರ್ ಬರುತ್ತಲೇ ಇಲ್ಲ ಅಂದರೆ ರಿಸೀವರ್ ಆಫ್ ಮಾಡಿ, ಆ ವೈರನ್ನು ರಿಸೀವರ್ ತುದಿಯಲ್ಲಿ ಬಿಚ್ಚಿ, ಮಲ್ಟಿಮೀಟರನ್ನು ಓಮ್‌ಗೆ ಇಟ್ಟು ಎರಡೂ ತುದಿಗೆ ಮುಟ್ಟಿಸಿ. 8 ಓಮ್ ಅಂತ ಬರೆದಿರುವ ಸ್ಪೀಕರ್ ಸುಮಾರು 6 ತೋರಿಸುತ್ತದೆ, 4 ಓಮ್‌ನದು 3ರ ಆಸುಪಾಸು. ಏನೂ ತೋರಿಸದಿದ್ದರೆ ದಾರಿಯಲ್ಲೆಲ್ಲೋ ವೈರ್ ತುಂಡಾಗಿದೆ, ಇಲ್ಲವೇ ಒಳಗಿನ ಕಾಯಿಲ್ ಹೋಗಿದೆ. 1ಕ್ಕಿಂತ ಕಡಿಮೆ ಬಂದರೆ ಎರಡೂ ತಂತಿ ಎಲ್ಲೋ ಮುಟ್ಟಿಕೊಂಡಿವೆ. ರಿಸೀವರ್ ಆನ್ ಆಗಿ ಟಕ್ ಅಂತ ಪ್ರೊಟೆಕ್ಟ್‌ಗೆ ಹೋಗಲು, ಅಂದರೆ ತನ್ನನ್ನು ಕಾಪಾಡಿಕೊಳ್ಳಲು ತಾನೇ ಬಂದ್ ಆಗಲು, ಒಂದು ಕಾರಣ ಇದೇ. ತೋಟದ ಮನೆಗಳಲ್ಲಿ ಅಟ್ಟದ ಮೇಲೆ ಎಳೆದ ವೈರನ್ನು ಇಲಿ ಬಿಡುವುದಿಲ್ಲ. ಅಂಥಲ್ಲಿ ನಾನು ಪಿವಿಸಿ ಪೈಪ್ ಇಲ್ಲದೆ ವೈರ್ ಎಳೆಯುವುದಿಲ್ಲ, ಮನೆಯವರು ಎಷ್ಟೇ ‘ನಡೆಯುತ್ತೆ ಬಿಡಿ’ ಅಂದರೂ.

ಪ್ಲಸ್ ಮೈನಸ್ ಅದಲುಬದಲಾಗಿದ್ದರೆ ಸ್ಪೀಕರ್ ಬಂದೇ ಬರುತ್ತದೆ, ಆದರೆ ಸೌಂಡ್ ಟೊಳ್ಳಾಗಿರುತ್ತದೆ. ಎಡ ಬಲ ಎರಡೂ ಒಟ್ಟಿಗೆ ನುಡಿದಾಗ ಗಾಯಕರ ಸ್ವರ ನಡುವೆ ನಿಲ್ಲದೆ ಎಲ್ಲೆಲ್ಲೋ ಚದುರಿದಂತೆ ಕೇಳುತ್ತದೆ, ಬಾಸ್ ಬತ್ತುತ್ತದೆ. ಇದಕ್ಕೆ ಗೋಡೆ ಗಡಿಯಾರಕ್ಕೆ ಹಾಕುವ 1.5 ವೋಲ್ಟ್ ಸೆಲ್ ಸಾಕು. ಸ್ಪೀಕರಿನ ಮುಂದಿನ ಜಾಲರಿ ತೆಗೆಯಿರಿ. ರಿಸೀವರ್ ತುದಿಯಲ್ಲಿ ಬಿಚ್ಚಿದ ವೈರಿನ ಪ್ಲಸ್‌ಗೆ ಸೆಲ್‌ನ ಪ್ಲಸ್, ಮೈನಸ್‌ಗೆ ಮೈನಸ್ ಹಿಡಿದು ಅರೆಗಳಿಗೆ ಮುಟ್ಟಿಸಿ ಬಿಡಿ. ಇನ್ನೊಬ್ಬರು ಸ್ಪೀಕರ್ ಹತ್ತಿರ ನಿಂತು ವೂಫರಿನ ಕೋನ್ ನೋಡಬೇಕು. ಟಪ್ ಅಂತ ಈಚೆ ಬಂದರೆ ಸರಿ, ಒಳಗೆ ಹೋದರೆ ಎಲ್ಲೋ ತಿರುಗುಮುರುಗಾಗಿದೆ. ಸೆಲ್ಲನ್ನು ಸ್ಪೀಕರ್ ಬೆನ್ನಿಗೆ ಮುಟ್ಟಿಸದೆ ರಿಸೀವರ್ ತುದಿಯಲ್ಲೇ ಮುಟ್ಟಿಸುವುದರಲ್ಲಿ ಲಾಭ ಇದೆ, ನಡುವಿನ ವೈರೂ ಪರೀಕ್ಷೆಯಾಗಿಬಿಡುತ್ತದೆ. ಕರೆಂಟಿಗೆ ಚುಚ್ಚುವ ಸಬ್‌ವೂಫರಿಗೆ ಮಾತ್ರ ಈ ಆಟ ಆಡಬೇಡಿ. ಕೋನ್ ಈಚೆಯೇ ಬಂದರೂ ಆಮೇಲೆ ಮೈಕ್ ‘ಫೇಸ್ ತಪ್ಪಿದೆ’ (ಪ್ಲಸ್ ಮೈನಸ್ ಅದಲುಬದಲಾಗಿದೆ) ಅಂದರೆ ಅದನ್ನು ಸ್ಕಿಪ್ ಮಾಡಿ. ಕೆಲವು ಸ್ಪೀಕರುಗಳ ಒಳಗಿನ ಸರ್ಕ್ಯೂಟ್ ಮಾಡಿರುವುದೇ ಹಾಗೆ.

ವೈರಿನ ದಪ್ಪದ ಬಗ್ಗೆ ಬೇಕಾಬಿಟ್ಟಿ ಬೋಧನೆ ಕೇಳಿರುತ್ತೀರಿ. 10 ಮೀಟರ್ ದೂರಕ್ಕೆ 1.5 ಚದರ ಮಿಲಿಮೀಟರ್‌ನ ತಾಮ್ರ ಹೋಗಿಬರುವ ದಾರಿಯಲ್ಲಿ ಕಾಲು ಓಮ್ ಕೂಡ ಆಗುವುದಿಲ್ಲ, 8 ಓಮ್ ಸ್ಪೀಕರಿಗೆ ಏನೇನೂ ಅಲ್ಲ. ಡಬ್ಬದಲ್ಲಿ ಬರುವ 0.5ರ ಎಳೆ ಅಷ್ಟೇ ದೂರಕ್ಕೆ 0.7 ಓಮ್ ಹತ್ತಿರ ಹೋಗುತ್ತದೆ, ಅದನ್ನು ಬದಲಿಸಿ. ಅದಕ್ಕಿಂತ ಹೆಚ್ಚು ದುಡ್ಡು ವೈರಿಗೆ ಹಾಕಬೇಡಿ. ನಮ್ಮ ಮಳೆಗಾಲಕ್ಕೆ ಬೇಕಾದದ್ದು ಬೇರೆ: ಮೂಡಿಗೆರೆ, ಸಕಲೇಶಪುರದ ಥಂಡಿಗೆ ಬಿಚ್ಚಿಟ್ಟ ತಾಮ್ರ ಹಸಿರಾಗುತ್ತದೆ. ಮಳೆ ಕಳೆದ ಮೇಲೆ ತುದಿಯನ್ನು ಅರ್ಧ ಇಂಚು ಕತ್ತರಿಸಿ, ಹೊಸದಾಗಿ ಸುಲಿದು, ಎಳೆ ಚದುರದಂತೆ ತಿರುಚಿ ಹಾಕಿ.

ಸೆಂಟರ್ ಎಲ್ಲಿ ಕೂತಿದೆ?

ಸಿಗ್ನಲ್ಲೂ ಸರಿ, ವೈರೂ ಸರಿ, ಆದರೂ ಮಾತು ಗೊಣಗೊಣ ಅನ್ನುತ್ತಿದ್ದರೆ ಸೆಂಟರ್ ಸ್ಪೀಕರ್ ಹತ್ತಿರ ಹೋಗಿ ಮಂಡಿಯೂರಿ ಕೂತು ಕೇಳಿ. ಅಲ್ಲಿ ಸ್ಪಷ್ಟವಾಗಿ ಕೇಳಿಸಿ ಸೋಫಾದಲ್ಲಿ ಕೇಳಿಸದಿದ್ದರೆ ಜಾಗದ ದೋಷ. ಮನೆಗಳಲ್ಲಿ ಕಾಣುವ ಚಿತ್ರ ಹೆಚ್ಚಾಗಿ ಒಂದೇ: ಶೋಕೇಸಿನ ಕೆಳಗಿನ ಅರೆ, ಒಂದಡಿ ಒಳಗೆ ತಳ್ಳಿದ ಸೆಂಟರ್, ಅದರ ಮುಂದೆ ಗಣಪತಿ ಬೊಮ್ಮೆ, ಮಕ್ಕಳ ಕಪ್ಪು, ಸೆಟ್‌ಟಾಪ್ ಬಾಕ್ಸ್. ಸ್ಪೀಕರಿನ ಮುಖ ಸೋಫಾದಲ್ಲಿ ಕೂತವರ ಮೊಣಕಾಲಿಗೆ ನೆಟ್ಟಿರುತ್ತದೆ. ಮಾತಿನ ಸ್ಪಷ್ಟತೆ ಇರುವುದು ಸ, ಶ, ತ, ಕ ಇಂಥ ಅಕ್ಷರಗಳ ಮೇಲಿನ ಸ್ವರದಲ್ಲಿ. ಅದು ನೇರ ಗೆರೆಯಲ್ಲಿ ಹೋಗುವ ಸ್ವಭಾವದ್ದು, ಮೊಣಕಾಲಿಗೆ ಹೋದರೆ ಕಿವಿಗೆ ಬರುವುದು ಅಳಿದುಳಿದದ್ದು.

ಸ್ಪೀಕರನ್ನು ಅರೆಯ ಅಂಚಿನವರೆಗೆ, ಮುಖ ಒಂದಿಷ್ಟು ಹೊರಗೇ ಬರುವಂತೆ ಎಳೆಯಿರಿ. ಮುಂಭಾಗದ ಅಡಿಗೆ ಹಳೆಯ ಹವಾಯಿ ಚಪ್ಪಲಿಯ ರಬ್ಬರ್ ತುಂಡು ಕೊಟ್ಟು ಮುಖ ಮೇಲಕ್ಕೆತ್ತಿ. ಓರೆ ಸರಿಯಿದೆಯೇ ಅಂತ ನೋಡಲು ಮೊಬೈಲ್ ಟಾರ್ಚನ್ನು ಸ್ಪೀಕರಿನ ತಲೆಯ ಮೇಲೆ, ಬೆಳಕು ಸೋಫಾ ಕಡೆಗೆ ಬೀಳುವಂತೆ ಮಲಗಿಸಿ. ಬೆಳಕಿನ ನಡುಭಾಗ ಕೂತವರ ಮುಖದ ಮೇಲೆ ಬಿದ್ದರೆ ಸಾಕು. ಸೆಂಟರ್ ಟಿವಿಯ ಮೇಲಿದ್ದರೆ ಇದನ್ನೇ ಕೆಳಮುಖವಾಗಿ ಮಾಡಿ. ಗಾಜಿನ ಟೀಪಾಯಿ ನಡುವೆ ಇದ್ದರೆ ಅದರ ಮೇಲೊಂದು ದಪ್ಪ ಬಟ್ಟೆ ಹಾಸಿ. ಗಾಜಿಗೆ ಬಡಿದು ಬರುವ ಸೌಂಡ್ ನೇರ ಬರುವ ಮಾತಿನ ಬೆನ್ನಿಗೇ ಬಂದು ಅದನ್ನು ಕೆಡಿಸುತ್ತದೆ. ಖಾಲಿ ರೆಡ್ ಆಕ್ಸೈಡ್ ನೆಲ, ಖಾಲಿ ಗೋಡೆಯ ಹಾಲ್‌ನಲ್ಲಿ ಒಂದು ಜಮಖಾನ, ಎರಡು ಕಿಟಕಿಗೆ ದಪ್ಪ ಪರದೆ ಮಾಡುವ ಕೆಲಸವನ್ನು ಯಾವ ಸೆಟ್ಟಿಂಗೂ ಮಾಡುವುದಿಲ್ಲ. ಇಷ್ಟೆಲ್ಲ ಆದ ಮೇಲೂ ವಯಸ್ಸಾದವರಿಗೆ ಮಾತು ತಿಳಿಯದಿದ್ದರೆ ಸೆಂಟರಿನ ಲೆವೆಲ್ಲನ್ನು 2-3 ಡೆಸಿಬೆಲ್ ಏರಿಸಿ, ರಾತ್ರಿ ಹೊತ್ತು ನೈಟ್ ಮೋಡ್ ಹಾಕಿ. ಅದು ಜೋರಿನದನ್ನು ತಗ್ಗಿಸಿ ಸಣ್ಣದನ್ನು ಏರಿಸುತ್ತದೆ.

ಉಳಿದ ಸ್ಪೀಕರ್‌ಗಳ ಲೆಕ್ಕ ಸುಲಭ. ಕೂರುವ ಜಾಗದಿಂದ ಸೆಂಟರ್ ಕಡೆ ಒಂದು ಗೆರೆ ಎಳೆದರೆ ಎಡ ಬಲ ಫ್ರಂಟ್ ಸ್ಪೀಕರ್ ಅದರಿಂದ 22ರಿಂದ 30 ಡಿಗ್ರಿಯಲ್ಲಿ, ಸರೌಂಡ್‌ಗಳು 90ರಿಂದ 110 ಡಿಗ್ರಿಯಲ್ಲಿ ಇರಬೇಕು. ಟೇಪಿನ ಭಾಷೆಯಲ್ಲಿ, ಸೋಫಾದಿಂದ ಟಿವಿ ಗೋಡೆ 10 ಅಡಿ ಇದ್ದರೆ ಎರಡು ಫ್ರಂಟ್‌ಗಳ ನಡುವೆ 8ರಿಂದ ಹನ್ನೊಂದೂವರೆ ಅಡಿ. ಸರೌಂಡ್ 110 ಡಿಗ್ರಿಯಲ್ಲಿ ಬೇಕಾದರೆ, ಅದು ಪಕ್ಕಕ್ಕೆ 6 ಅಡಿ ದೂರ ಇದ್ದಾಗ ನಿಮ್ಮ ಕಿವಿಯಿಂದ ಸುಮಾರು ಎರಡು ಅಡಿ ಹಿಂದಿರಬೇಕು. ಸೋಫಾ ಹಿಂಗೋಡೆಗೆ ಅಂಟಿಕೊಂಡಿದ್ದರೆ ಇದಕ್ಕೆ ಜಾಗವೇ ಇರುವುದಿಲ್ಲ, ಆಗ ಪಕ್ಕದಲ್ಲೇ, 90 ಡಿಗ್ರಿಯಲ್ಲಿ ಕಿವಿಗಿಂತ ಒಂದೆರಡು ಅಡಿ ಎತ್ತರಕ್ಕೆ ಹಾಕಿ. ಟಿವಿ ಗೋಡೆಯಲ್ಲೇ ನಾಲ್ಕನ್ನೂ ಸಾಲಾಗಿ ನೇತುಹಾಕಿದ ಮನೆಗಳನ್ನೂ ನೋಡಿದ್ದೇನೆ. ಅದಕ್ಕೆ ಸರೌಂಡ್ ಅಂತ ಯಾಕೆ ದುಡ್ಡು ಕೊಟ್ಟರೋ.

ಗುಂಯ್‌ಗುಡುವ ಬಾಸ್

ಬಾಸ್ ವಿಷಯದಲ್ಲಿ ಸ್ಪೀಕರಿಗಿಂತ ಕೋಣೆಯದೇ ದರ್ಬಾರು. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಎದುರುಬದುರು ಗೋಡೆಗಳ ನಡುವೆ ಅರ್ಧ ಅಲೆ ಸರಿಯಾಗಿ ಕೂರುವ ಸ್ವರ ಆ ಕೋಣೆಯಲ್ಲಿ ಉಬ್ಬುತ್ತದೆ. 14 ಅಡಿ ಉದ್ದದ ಹಾಲ್‌ಗೆ ಅದು 40 ಹರ್ಟ್ಸ್, 12 ಅಡಿಗೆ 47, 10 ಅಡಿಗೆ 56. 12ಕ್ಕೆ 12ರ ಚೌಕ ಕೋಣೆಯಲ್ಲಿ ಎರಡೂ ದಿಕ್ಕಿನಿಂದ 47ಕ್ಕೇ ಪೆಟ್ಟು ಬೀಳುತ್ತದೆ. ಆ ಸ್ವರ ಬಂದಾಗ ಗುಂಯ್, ಬೇರೆ ಸ್ವರಕ್ಕೆ ಏನೂ ಇಲ್ಲ. ಆರ್‌ಸಿಸಿ ಮನೆಯಲ್ಲಿ ಇದು ಜಾಸ್ತಿ. ಮಂಗಳೂರು ಹೆಂಚು, ಮರದ ಅಟ್ಟ ಇರುವ ಹಳೆಯ ಮನೆಯಲ್ಲಿ ಬಾಸ್ ಮೇಲಿನಿಂದ ಸೋರಿಹೋಗುವುದರಿಂದ ಗುಂಯ್ ಕಡಿಮೆ. ಅಲ್ಲಿ ಸಡಿಲವಾದ ಹೆಂಚು, ಕಿಟಕಿಯ ಚಿಲಕ ಕಟಕಟ ಅನ್ನುತ್ತವೆ. ಫೋನಿನಲ್ಲಿ ಟೋನ್ ಜನರೇಟರ್ ಆ್ಯಪ್ ಹಾಕಿಕೊಂಡು, ರಿಸೀವರಿಗೆ ಜೋಡಿಸಿ, 30ರಿಂದ 100 ಹರ್ಟ್ಸ್‌ವರೆಗೆ ನಿಧಾನವಾಗಿ ಏರಿಸಿ. ಯಾವ ಸಂಖ್ಯೆಯಲ್ಲಿ ಉಬ್ಬುತ್ತದೆ, ಯಾವುದರಲ್ಲಿ ಮಾಯವಾಗುತ್ತದೆ, ಯಾವುದರಲ್ಲಿ ಚಿಲಕ ಅಲುಗುತ್ತದೆ, ಮೂರೂ ಗೊತ್ತಾಗುತ್ತದೆ. ಚಿಲಕಕ್ಕೆ ರಬ್ಬರ್ ಬ್ಯಾಂಡ್ ಸಾಕು. ಎಲ್ಲ ಬಾಸ್‌ಗೂ ಸಬ್‌ನ ಒಳಗಿನಿಂದಲೇ ಪರಪರ ಸದ್ದು ಬಂದರೆ ಕೋನಿನ ಸುತ್ತಲ ಅಂಚನ್ನು ಮುಟ್ಟಿ ನೋಡಿ. ಹಳೆಯ ಫೋಮ್ ಅಂಚು ಥಂಡಿಗೆ ಪುಡಿಯಾಗಿರುತ್ತದೆ.

ಸಬ್ ಇಡಲು ಜಾಗ ಹುಡುಕುವ ಉಪಾಯ ನೋಡಲು ತಮಾಷೆಯಾಗಿದ್ದರೂ ಇದಕ್ಕಿಂತ ನಂಬಿಕಸ್ಥ ದಾರಿ ನನಗೆ ಕಂಡಿಲ್ಲ. ಸಬ್ಬನ್ನು ನೀವು ಕೂರುವ ಸೋಫಾದ ಮೇಲೆ ಇಡಿ. ಬಾಸ್ ಗಿಟಾರ್ ಏರಿಳಿಯುವ ಹಾಡೊಂದನ್ನು ಹಾಕಿ. ಈಗ ಸಬ್ ಇಡಲು ಸಾಧ್ಯವಿರುವ ಜಾಗಗಳಲ್ಲೆಲ್ಲ ನೆಲದ ಹತ್ತಿರ ಕಿವಿ ಇಟ್ಟು ಅಂಬೆಗಾಲಿನಲ್ಲಿ ಸರಿಯುತ್ತಾ ಕೇಳಿ. ಎಲ್ಲಿ ಎಲ್ಲ ಸ್ವರಗಳೂ ಹೆಚ್ಚುಕಡಿಮೆ ಒಂದೇ ಸಮ ಕೇಳುತ್ತವೋ ಅಲ್ಲಿ ಸಬ್ ಇಡಿ. ಮೂಲೆಯಲ್ಲಿ ಬಾಸ್ ಜೋರು, ಗುಂಯ್ ಕೂಡ ಜೋರು. ಸಬ್ ಅಲುಗಾಡಿಸಲು ಜಾಗವೇ ಇಲ್ಲದಿದ್ದರೆ ಸೋಫಾವನ್ನು ಹಿಂಗೋಡೆಯಿಂದ ಒಂದೊಂದೂವರೆ ಅಡಿ ಈಚೆ ಎಳೆಯಿರಿ. ಗೋಡೆಗೆ ಅಂಟಿ ಕೂತರೆ ಉಬ್ಬಿನ ನೆತ್ತಿಯ ಮೇಲೇ ಕೂತಂತೆ. ಕೋಣೆಯ ಸರಿಯಾಗಿ ನಟ್ಟನಡುವೆಯೂ ಬೇಡ, ಅಲ್ಲಿ ಅದೇ ಸ್ವರ ಇಲ್ಲವೇ ಇಲ್ಲ ಅನ್ನುವಷ್ಟು ಇಳಿಯುತ್ತದೆ.

ಆಮೇಲೆ ಸೆಟ್ಟಿಂಗ್. ಎಲ್ಲ ಸ್ಪೀಕರ್‌ಗಳನ್ನೂ ‘ಸ್ಮಾಲ್’ ಮಾಡಿ, ಕ್ರಾಸ್‌ಓವರ್ (ಇದಕ್ಕಿಂತ ಕೆಳಗಿನ ಸ್ವರ ಸಬ್‌ಗೆ ಹೋಗಲಿ ಅನ್ನುವ ಗಡಿ) 80 ಹರ್ಟ್ಸ್ ಇಡಿ. ಅಂಗೈ ಅಗಲದ ಪುಟಾಣಿ ಸ್ಪೀಕರ್ ಆದರೆ 120. ‘ನನ್ನದು ಆಳೆತ್ತರದ ಟವರ್, ಸ್ಮಾಲ್ ಯಾಕೆ’ ಅನ್ನುವವರು ಬಹಳ. ಅದು ಗಾತ್ರದ ಮಾತಲ್ಲ, ಬಾಸ್ ಸಬ್‌ಗೆ ಹೋಗಲಿ ಅನ್ನುವ ಆದೇಶ ಅಷ್ಟೆ. ಸಬ್‌ನ ಬೆನ್ನಿನಲ್ಲಿರುವ ಕ್ರಾಸ್‌ಓವರ್ ನಾಬನ್ನು ಪೂರ್ತಿ ಮೇಲಕ್ಕೆ ತಿರುಗಿಸಿ, ಇಲ್ಲದಿದ್ದರೆ ರಿಸೀವರ್ ಒಮ್ಮೆ, ಸಬ್ ಒಮ್ಮೆ, ಎರಡೆರಡು ಸಲ ಸೋಸಿದಂತಾಗುತ್ತದೆ. ವಾಲ್ಯೂಮ್ ನಾಬ್ ಅರ್ಧಕ್ಕೆ. ಸಬ್‌ನ ಫೇಸ್ ಸ್ವಿಚ್ ಹೊಂದಿಸಲು 80 ಹರ್ಟ್ಸ್ ಟೋನ್ ಹಾಕಿ ಸೋಫಾದಲ್ಲಿ ಕೂತು, ಇನ್ನೊಬ್ಬರಿಂದ 0, 180 ಅಂತ ಬದಲಿಸಿಸಿ. ಜೋರಾಗಿ ಕೇಳಿಸಿದ ಕಡೆ ಬಿಡಿ.

ಹಮ್, ಗೊರಗೊರ

ಏನೂ ಹಾಕದಿದ್ದಾಗಲೂ ಸಬ್‌ನಿಂದ ಹೂಂ ಅಂತ ಸದ್ದು ಬರುತ್ತಿದ್ದರೆ ಮೊದಲು ಡಿಶ್ ಕೇಬಲ್ಲನ್ನು ಸೆಟ್‌ಟಾಪ್ ಬಾಕ್ಸಿನಿಂದ ಬಿಚ್ಚಿ. ಸದ್ದು ನಿಂತರೆ ಗ್ರೌಂಡ್ ಲೂಪ್: ಡಿಶ್‌ನ ಅರ್ಥ್ ಒಂದು ಕಡೆ, ಮನೆಯ ಅರ್ಥ್ ಇನ್ನೊಂದು ಕಡೆ. ಟಿವಿ, ರಿಸೀವರ್, ಸಬ್ ಮೂರನ್ನೂ ಒಂದೇ ಸಾಕೆಟ್ಟಿನ ಬೋರ್ಡಿಗೆ ತಂದರೆ ಎಷ್ಟೋ ಸಲ ನಿಂತುಹೋಗುತ್ತದೆ. ಸದ್ದು ನಿಲ್ಲಿಸಲು ಪ್ಲಗ್ಗಿನ ಅರ್ಥ್ ಪಿನ್ ಕೀಳುವವರಿದ್ದಾರೆ, ಆ ಕೆಲಸ ಮಾತ್ರ ಬೇಡ. ಕರೆಂಟ್ ಹೋದಾಗ ಮಾತ್ರ ಗೊರಗೊರ ಅಂದರೆ ದೋಷ ಯುಪಿಎಸ್‌ನದು. ಸ್ಕ್ವೇರ್ ವೇವ್ ಯುಪಿಎಸ್ ಮೇಲೆ ರಿಸೀವರ್ ಓಡಿಸದಿರುವುದೇ ಒಳ್ಳೆಯದು. ಏಪ್ರಿಲ್, ಮೇ ಗುಡುಗಿಗೆ ಪ್ಲಗ್ ಮಾತ್ರ ಕಿತ್ತರೆ ಸಾಲದು, ಡಿಶ್ ಕೇಬಲ್ಲೂ ಕೀಳಿ.

ಈಗ ಮೈಕ್

ಜುಲೈನಲ್ಲಿ ಹೆಂಚಿನ ಮೇಲೆ ಮಳೆ ಸುರಿಯುತ್ತಿರುವಾಗ ಕ್ಯಾಲಿಬ್ರೇಷನ್‌ಗೆ ಕೂರಬೇಡಿ. ಸದ್ದು ಹೆಚ್ಚು ಅಂತ ಮೈಕ್ ಒಂದೋ ನಿಲ್ಲಿಸುತ್ತದೆ, ಇಲ್ಲವೇ ತಪ್ಪು ಅಳೆಯುತ್ತದೆ. ಸಂಜೆ ತೋಟದ ಜೀರುಂಡೆಯೂ ಕಡಿಮೆಯಲ್ಲ. ತಿಂಡಿ ಮುಗಿದು ಮಧ್ಯಾಹ್ನದ ಕುಕ್ಕರ್ ಕೂಗುವುದರೊಳಗೆ ಸಿಗುವ ಹೊತ್ತು ಸರಿ. ಫ್ಯಾನ್ ಆಫ್, ಹಾಲ್‌ಗೆ ಕೇಳಿಸುವಂತಿದ್ದರೆ ಫ್ರಿಜ್ ಕೂಡ. ಮೈಕನ್ನು ಸೋಫಾದ ಬೆನ್ನಿಗೆ ಒರಗಿಸಬೇಡಿ, ಕೈಯಲ್ಲೂ ಹಿಡಿಯಬೇಡಿ. ಕ್ಯಾಮೆರಾ ಸ್ಟ್ಯಾಂಡ್ ಸಿಕ್ಕರೆ ಸರಿ, ಇಲ್ಲದಿದ್ದರೆ ಸ್ಟೂಲಿನ ಮೇಲೆ ಪುಸ್ತಕ ಪೇರಿಸಿ ಕಿವಿಯ ಎತ್ತರಕ್ಕೆ ತನ್ನಿ. ಮೊದಲ ಅಳತೆ ನೀವು ನಿಜವಾಗಿ ಕೂರುವ ಜಾಗದ್ದೇ ಆಗಿರಲಿ. ದೂರದ ಲೆಕ್ಕವನ್ನು ರಿಸೀವರ್ ಅದರಿಂದಲೇ ತೆಗೆಯುತ್ತದೆ.

ಮುಗಿದ ಮೇಲೆ ಅಂಕಿಗಳನ್ನು ನೋಡಲೇಬೇಕು. ಸ್ಪೀಕರಿನ ದೂರ ಟೇಪಿನ ಅಳತೆಗೆ ಅರ್ಧ ಅಡಿಯ ಒಳಗೆ ಹೊಂದಬೇಕು. ಒಂದು ಅಡಿ ತಪ್ಪಿದರೆ ಸೌಂಡ್ ಮಿಲಿಸೆಕೆಂಡಿನ ಹತ್ತರಲ್ಲಿ ಒಂಬತ್ತು ಭಾಗ ಹಿಂದುಮುಂದಾಗುತ್ತದೆ. ಸಬ್ ಮಾತ್ರ 9 ಅಡಿಯಲ್ಲಿದ್ದರೂ 13, 14 ಅಂತ ತೋರಿಸಬಹುದು. ಸಬ್‌ನೊಳಗಿನ ಸರ್ಕ್ಯೂಟ್ ಸಿಗ್ನಲ್ಲನ್ನು ತಡಮಾಡುವುದನ್ನೂ ಅದು ದೂರವಾಗಿಯೇ ಎಣಿಸುತ್ತದೆ. ಅದನ್ನು ‘ಸರಿ’ ಮಾಡಲು ಹೋಗಬೇಡಿ. ಸಬ್‌ನ ಲೆವೆಲ್ ಮೈನಸ್ 12ಕ್ಕೆ ಹೋಗಿ ನಿಂತಿದ್ದರೆ ಸಬ್‌ನ ನಾಬ್ ಜಾಸ್ತಿ ಇದೆ ಅಂತ ಅರ್ಥ, ಇಳಿಸಿ ಮತ್ತೆ ಅಳೆಯಿರಿ. ಸಣ್ಣ ವಾಲ್ಯೂಮಿನಲ್ಲಿ ಸಬ್ ತಾನಾಗಿ ಮಲಗಿಬಿಡುತ್ತದೆ ಅನ್ನುವ ದೂರಿಗೂ ಕಾರಣ ಇದೇ ಆಗಿರುತ್ತದೆ: ಬರುವ ಸಿಗ್ನಲ್ ಎಷ್ಟು ಸಣ್ಣದೆಂದರೆ ಅದರ ಆಟೊ ಸ್ವಿಚ್ ಏಳುವುದೇ ಇಲ್ಲ. ಯಾವುದಾದರೂ ಸ್ಪೀಕರನ್ನು ಮೈಕ್ ‘ಲಾರ್ಜ್’ ಮಾಡಿಟ್ಟಿದ್ದರೆ ಮತ್ತೆ ‘ಸ್ಮಾಲ್’, 80.

ಲೆವೆಲ್ ತಾಳೆ ನೋಡಲು ಫೋನಿನ ಡೆಸಿಬೆಲ್ ಆ್ಯಪ್ ಸಾಕು. ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ಸಿ ವೇಟಿಂಗ್, ಸ್ಲೋ ಇಟ್ಟು, ಟೆಸ್ಟ್ ಟೋನ್‌ಗೆ ಎಲ್ಲ ಸ್ಪೀಕರೂ 75ರ ಆಸುಪಾಸಿನಲ್ಲಿ ಒಂದೇ ಅಂಕಿ ತೋರಿಸಬೇಕು. ಫೋನ್ ತೋರಿಸುವ 75 ನಿಜವಾದ 75 ಅಲ್ಲದಿರಬಹುದು, ಪರವಾಗಿಲ್ಲ, ಐದೂ ಒಂದೇ ಆಗಿದ್ದರೆ ಕೆಲಸ ಆಯಿತು. ಸಬ್ ವಿಷಯದಲ್ಲಿ ಮಾತ್ರ ಫೋನನ್ನು ನಂಬಬೇಡಿ, ಅದರ ಮೈಕಿಗೆ ಅಷ್ಟು ಕೆಳಗಿನ ಸ್ವರ ಸರಿಯಾಗಿ ಕೇಳಿಸುವುದಿಲ್ಲ.

ಆಡಿಸ್ಸಿ ಇರುವ ರಿಸೀವರಿನಲ್ಲಿ ಅಳತೆ ಎಲ್ಲ ಸರಿ ಇದ್ದೂ ಸಣ್ಣ ವಾಲ್ಯೂಮಿನಲ್ಲಿ ಹಿಂದಿನ ಸ್ಪೀಕರ್ ಗಲಾಟೆ ಮಾಡುತ್ತಿದ್ದರೆ ಅದು ಡೈನಮಿಕ್ ಇಕ್ಯೂ ಕೆಲಸ. ವಾಲ್ಯೂಮ್ ಇಳಿದಂತೆ ಅದು ಬಾಸ್ ಜೊತೆಗೆ ಸರೌಂಡನ್ನೂ ಏರಿಸುತ್ತದೆ. ಈ ಏರಿಕೆಯನ್ನು ತಗ್ಗಿಸುವ ರೆಫರೆನ್ಸ್ ಲೆವೆಲ್ ಆಫ್‌ಸೆಟ್ ಅನ್ನುವುದನ್ನು ಸಿನಿಮಾಕ್ಕೆ 0 ಅಥವಾ 5, ಧಾರಾವಾಹಿ ಹಾಡುಗಳಿಗೆ 10 ಅಥವಾ 15 ಇಟ್ಟು ನೋಡಿ. ಆಗಲೂ ಹಿಡಿಸದಿದ್ದರೆ ಆಫ್ ಮಾಡಿ. ಎಲ್ಲ ಸರಿಹೋದ ಮೇಲೆ ಸ್ಪೀಕರ್ ಸೆಟ್ಟಿಂಗ್ ಪುಟಗಳ ಫೋಟೊ ತೆಗೆದಿಟ್ಟುಕೊಳ್ಳಿ. ರಿಮೋಟ್ ಹುಡುಗರ ಕೈಗೆ ಮತ್ತೆ ಸಿಕ್ಕೇ ಸಿಗುತ್ತದೆ.